ಡೈರೆಕ್ಟ್ ಕೊಡುವ ಊರಿಂದ ಫಿನ್‌ಲೆಂಡಿಗೆ

ಫಿನ್‌ಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮೂರಲ್ಲಿ ಮೊದಲು ಕೇಳುವುದು ಅಲ್ಲಿ ಏನು ಉಂಡೆ ಎಂದು. ಆಮೇಲೆ ಕೇಳುವುದು ಚಳಿಗೆ ಸಾಯಲಿಲ್ಲವಾ ಎಂದು. ಉಂಡೆ. ಸಾಯಲಿಲ್ಲ. ಹೋದ ಕೆಲಸ ಏನಾಯಿತು ಎಂದು ಕೇಳಿದವರು ಕಮ್ಮಿ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ, ರಸ್ತೆ ಬಿಟ್ಟು ಒಳಗಿದೆ. ಅಲ್ಲಿನ ಹೆಂಗಸರ ಹಾಲಿನ ಸೊಸೈಟಿಗೆ ನಾನು ಅಧ್ಯಕ್ಷೆ. ಸುತ್ತಲಿನ ಊರುಗಳ ಹಾಲೂ ನಮ್ಮ ಡೈರಿಗೇ ಬರುತ್ತದೆ, ಏಕೆಂದರೆ ಹಾಲು ತಣ್ಣಗಿಡುವ ದೊಡ್ಡ ತೊಟ್ಟಿ ಇರುವುದು ನಮ್ಮಲ್ಲಿ. ತೊಟ್ಟಿಗೆ ಕರೆಂಟು ಬೇಕು. ಕರೆಂಟು ಹೋದರೆ ಜನರೇಟರು. ಜನರೇಟರು ಕೆಟ್ಟರೆ ಹಾಲು ಹುಳಿ. ಹೋದ ಬೇಸಿಗೆಯಲ್ಲಿ ಟ್ಯಾಂಕರಿನವನು ಮೂಸಿ ನೋಡಿ, ತಲೆ ಆಡಿಸಿ, ಖಾಲಿ ಗಾಡಿ ತಿರುಗಿಸಿಕೊಂಡು ಹೋದ. ಅಷ್ಟೂ ಹಾಲನ್ನು ಚರಂಡಿಗೆ ಸುರಿದೆವು. ಚರಂಡಿ ಬೆಳ್ಳಗೆ ಹರಿದದ್ದನ್ನು ನೋಡಿ ಹೆಂಗಸರು ನನ್ನನ್ನು ಬೈದರು. ಬೈಯಲಿ, ಅಧ್ಯಕ್ಷೆ ಮತ್ತೆ ಯಾತಕ್ಕೆ ಇರುವುದು.

ಆಗ ಬಂದವಳು ಸವಿತ. ಮಳವಳ್ಳಿಯ ಹುಡುಗಿ, ಮಂಡ್ಯದಲ್ಲಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಸಗಣಿ ಗ್ಯಾಸಿನಿಂದ ಕರೆಂಟು ತೆಗೆಯುವ ಯಂತ್ರವೊಂದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾಳೆ. ಗ್ಯಾಸು ಉರಿಸಿ ಇಂಜಿನ್ ತಿರುಗಿಸುವ ಯಂತ್ರವಲ್ಲ ಅದು. ಕಾದು ಕೆಂಪಾದ ಬಿಲ್ಲೆಗಳ ಒಂದು ಮಗ್ಗುಲಿಗೆ ಗ್ಯಾಸು, ಇನ್ನೊಂದು ಮಗ್ಗುಲಿಗೆ ಗಾಳಿ ಹಾಯಿಸಿದರೆ ಬಿಲ್ಲೆಯೇ ಕರೆಂಟು ಕೊಡುತ್ತದೆ. ಫ್ಯೂಯೆಲ್ ಸೆಲ್ ಎನ್ನುತ್ತಾರೆ. ಫಿನ್‌ಲೆಂಡಿನ ಒಂದು ಪ್ರಯೋಗಶಾಲೆಯವರು ಅದನ್ನು ಹಳ್ಳಿಯ ಡೈರಿಯಲ್ಲಿಟ್ಟು ನೋಡಬೇಕೆಂದಿದ್ದರು. ಎರಡು ಊರು ಅವರ ಕಣ್ಣಲ್ಲಿತ್ತು. ಒಂದು ನಮ್ಮದು, ಇನ್ನೊಂದು ಗುಜರಾತಿನ ಕಡೆಯದು. ಯಂತ್ರ ಮಾತ್ರ ಒಂದೇ. ಊರಿನ ಪರವಾಗಿ ಒಬ್ಬರು ಹೋಗಿ, ನೋಡಿ, ಅವರು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಆಮೇಲೆ ಯಾವ ಊರಿಗೆ ಎಂಬ ತೀರ್ಮಾನ.

ಸೊಸೈಟಿಯ ಕಾರ್ಯದರ್ಶಿ ಪುಟ್ಟಸ್ವಾಮಿಗೆ ತಾನೇ ಹೋಗಬೇಕೆಂದು ಆಸೆ. ಫಿನ್‌ಲೆಂಡಿನವರು ಅಧ್ಯಕ್ಷರೇ ಬರಲಿ ಎಂದರು. ಹೊರಡುವ ದಿನ ಅವನು ಬಸ್‌ಸ್ಟಾಂಡಿನ ತನಕ ಬಂದ.

“ನೋಡು ತಾಯವ್ವ, ಅವ್ರು ಏನ್ ಕೇಳುದ್ರೂ ನಮ್ಮೂರಲ್ಲಿ ಎಲ್ಲ ಸರಿಯಾಗದೆ ಅನ್ನು. ಬ್ಯಾರೆ ಏನೂ ಅನ್ಬ್ಯಾಡ. ನಿನ್ ಬಾಯಿ ನಂಗೊತ್ತು.”

“ಗೊತ್ತಿದ್ಮೇಲೆ ಯಾಕ್ಲಾ ಏಳ್ತೀಯೆ?” ಎಂದು ಬಸ್ಸು ಹತ್ತಿದೆ.

ಬೆಂಗಳೂರು, ವಿಮಾನದ ಬಾಗಿಲು

ವಿಮಾನಕ್ಕೆ ಮುಂಚೆ ಮೈ ತಡವುತ್ತಾರೆ. ನನ್ನ ಸೊಂಟದ ಎಲೆಯಡಿಕೆ ಚೀಲದಲ್ಲಿ ಅಡಕತ್ತರಿ ಇತ್ತು. ಕಾಕಿ ಹುಡುಗಿ ಅದನ್ನು ಎತ್ತಿ ಹಿಡಿದು, ಹಾವು ಹಿಡಿದ ಹಾಗೆ ದೂರ ಇಟ್ಟುಕೊಂಡಳು.

“ಇದು ಏನಮ್ಮ?”

“ಅಡಕೆ ಕತ್ರುಸೋದು. ನಿಮ್ಮಜ್ಜಿ ಅಡಕೆ ಆಕ್ತಿರ್ನಿಲ್ವಾ?”

“ಒಳಗೆ ಬಿಡೋ ಹಾಗಿಲ್ಲ.”

“ಈ ವಯಸ್ಸಲ್ಲಿ ನಾನು ವಿಮಾನ ತಕ್ಕೊಂಡೋಗಿ ಎಲ್ಲಿ ನಿಲ್ಸನೆ ಮಗ?”

ನಗಲಿಲ್ಲ ಆ ಹುಡುಗಿ. ಅಡಕತ್ತರಿ ಡಬ್ಬಕ್ಕೆ ಬಿತ್ತು. ಅಡಕೆ ಮಾತ್ರ ನನ್ನ ಹತ್ತಿರ ಉಳಿಯಿತು. ಹಲ್ಲು ಇರುವುದೇ ಅಷ್ಟು, ಇಡೀ ಅಡಕೆಯನ್ನು ಕಡಿಯುವುದು ಹೇಗೆ ಎಂದು ಆಕಾಶದ ಉದ್ದಕ್ಕೂ ಯೋಚಿಸಿದೆ. ಜೊತೆಗೆ ಬಂದ ಸವಿತ ಮದ್ದೂರಿನಿಂದ ಹೊರಟಾಗ ನನಗೆ “ನೀವು” ಎನ್ನುತ್ತಿದ್ದಳು. ವಿಮಾನ ಮೋಡದಲ್ಲಿ ಕುಲುಕಿದಾಗ ನನ್ನ ಕೈ ಹಿಡಿದುಕೊಂಡು, “ಅವ್ವ, ನೀನು ಎದ್ರುಕೋಬ್ಯಾಡ,” ಎಂದಳು. ಹೆದರಿದ್ದು ಅವಳು. ಅಲ್ಲಿಂದ “ನೀನು” ಆಯಿತು, ಒಳ್ಳೆಯದೇ ಆಯಿತು.

ಕೆರೆಗಳ ಊರು

ಹೆಲ್ಸಿಂಕಿಯಲ್ಲಿ ಇಳಿದು ರೈಲು ಹತ್ತಿ ಇನ್ನೂ ಒಳಗೆ ಹೋದೆವು. ಕಾಡು, ಕೆರೆ, ಮತ್ತೆ ಕಾಡು, ಮತ್ತೆ ಕೆರೆ. ಇಷ್ಟು ನೀರಿದ್ದೂ ಒಂದು ಗದ್ದೆ ಕಾಣಲಿಲ್ಲ. ನಮ್ಮ ಕಡೆ ನಾಲೆಯಲ್ಲಿ ನೀರು ಬಿಟ್ಟರೋ ಇಲ್ಲವೋ ಎಂದು ತೂಬಿನ ಹತ್ತಿರ ಹೊಡೆದಾಡುವವರು ಇದನ್ನು ನೋಡಬೇಕು.

ಜನ ಮಾತಾಡುವುದಿಲ್ಲ. ಬಸ್ಸಿಗೆ ನಾಲ್ಕು ಜನ ಕಾಯುತ್ತಿದ್ದರೆ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎತ್ತಿನ ಗಾಡಿ ಹಾಯಬಹುದು. ನಾನು ಒಬ್ಬ ಹೆಂಗಸಿನ ಪಕ್ಕ ಹೋಗಿ ನಿಂತೆ. ಅವಳು ಒಂದು ಹೆಜ್ಜೆ ಸರಿದಳು. ಜಾಗ ಬಿಟ್ಟಳೆಂದು ನಾನೂ ಒಂದು ಹೆಜ್ಜೆ ಸರಿದೆ. ಹೀಗೇ ಇಬ್ಬರೂ ಬಸ್‌ಸ್ಟಾಪಿನ ಆಚೆ ತುದಿಗೆ ಹೋದೆವು. ಸವಿತ ಬಂದು ಸೆರಗು ಹಿಡಿದು ಎಳೆದಳು.

“ಅವ್ವ, ಅವಳು ನಿನ್ನ ನೋಡಿ ಓಡ್ತಾವ್ಳೆ.”

“ನಾನೇನ್ ಮಾಡ್ದೆ?”

“ಅತ್ರ ನಿಂತೆ. ಇಲ್ಲಿ ಅದೇ ಜಗಳ ತೆಗ್ದಂಗೆ.”

ನಮಗೆ ಅಡುಗೆಮನೆ ಇರುವ ಒಂದು ಕೋಣೆ ಕೊಟ್ಟಿದ್ದರು. ಸವಿತ ಕಿಟಕಿಯಲ್ಲಿ ಅಂಗೈಯಷ್ಟು ಬುದ್ಧನನ್ನು ಇಟ್ಟಳು. ನಾನು ಪಕ್ಕದಲ್ಲಿ ಮುತ್ತತ್ತಿ ಆಂಜನೇಯನ ಪಟ ಇಟ್ಟೆ. ಊರಲ್ಲಾಗಿದ್ದರೆ ನಮ್ಮ ಕೇರಿಯವಳೂ ಅವಳ ಕೇರಿಯವಳೂ ಒಂದೇ ತಪ್ಪಲೆಯಲ್ಲಿ ಉಂಡರೆ ಮಾತಾಡುವ ಬಾಯಿ ಬಹಳ. ಅಲ್ಲಿ ಇದ್ದದ್ದು ಒಂದೇ ತಪ್ಪಲೆ, ಹಸಿವು ಇಬ್ಬರದು. ಉಂಡೆವು.

ಅಂಗಡಿಯಲ್ಲಿ ಕಪ್ಪು ಹಿಟ್ಟು ಸಿಕ್ಕಿತು, ಅದರಲ್ಲೇ ಅವರ ರೊಟ್ಟಿ ಮಾಡುವುದಂತೆ. ಬಣ್ಣ ನೋಡಿ ರಾಗಿಯ ತಂಗಿ ಎಂದು ಮುದ್ದೆಗೆ ಎಸರಿಟ್ಟೆ. ಹಿಟ್ಟು ಬಿತ್ತು, ತೊಳಸಿದೆ, ಅದು ಗೋಂದಾಯಿತು. ಕೋಲು ಮೇಲೆತ್ತಿದರೆ ತಪ್ಪಲೆಯೂ ಮೇಲೆ ಬಂತು. ಸವಿತ ಬಿದ್ದು ಬಿದ್ದು ನಕ್ಕಳು. ಉಂಡೆ ಮಾತ್ರ ಕಟ್ಟಲು ಬರಲಿಲ್ಲ, ಚಮಚದಲ್ಲಿ ತಿಂದೆವು. ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂತಿತು, ಅದೊಂದು ಗುಣ.

ಯಂತ್ರದ ಮನೆ

ಪ್ರಯೋಗಶಾಲೆಯ ಯಜಮಾನಿ ನನಗಿಂತ ಸ್ವಲ್ಪ ಚಿಕ್ಕವಳು, ಕತ್ತರಿಸಿದ ಬಿಳಿ ಕೂದಲು, ಗಂಡಸಿನ ಹೆಜ್ಜೆ. ಹೆಸರು ಮಾರ್ಯ. ನನ್ನ ಬಾಯಲ್ಲಿ ಅದು ಮಾರವ್ವ ಆಯಿತು. ಮಾರವ್ವ ನಮ್ಮೂರ ಗಡಿ ಕಾಯುವ ದೇವರು ಎಂದು ಸವಿತ ಅವಳಿಗೆ ಇಂಗ್ಲೀಷಿನಲ್ಲಿ ಹೇಳಿದಳು. ಅವಳು ತಲೆ ಬಾಗಿಸಿ ಒಪ್ಪಿಕೊಂಡಳು. ಯಂತ್ರ ನೋಡಿಕೊಳ್ಳುವ ಆಳು ಪೆಕ್ಕ. ನಮ್ಮ ಕಡೆ ಪೆಕರನಿಗೆ ಹತ್ತಿರದ ಹೆಸರು, ಆದರೆ ಮನುಷ್ಯ ಹಾಗಿರಲಿಲ್ಲ. ನಾನು ಅಡಕೆ ಹಿಡಿದು ಪರದಾಡುವುದನ್ನು ನೋಡಿ, ಒಂದು ಮಾತೂ ಆಡದೆ, ಇಕ್ಕಳ ತಂದು ಕಟಕ್ ಎಂದು ಒಡೆದು ಕೊಟ್ಟ. ಹೋಗುವ ತನಕ ದಿನಾ ಬೆಳಿಗ್ಗೆ ನನ್ನ ಅಡಕೆ ಅವನೇ ಒಡೆದ.

ಯಂತ್ರ ಎಂದರೆ ಬೀರುವಿನಷ್ಟು ಒಂದು ಪೆಟ್ಟಿಗೆ. ಒಳಗೆ ಬಿಲ್ಲೆಗಳು, ಹಪ್ಪಳದಷ್ಟು ತೆಳ್ಳಗೆ, ಒಂದರ ಮೇಲೊಂದು. ಗಾಜಿನ ಕಿಂಡಿಯಲ್ಲಿ ನೋಡಿದರೆ ಒಳಗೆ ಕುಲುಮೆಯ ಕೆಂಪು. ಸದ್ದಿಲ್ಲ. ನಮ್ಮ ಜನರೇಟರಿನ ಗಲಾಟೆ ಕೇಳಿದವಳಿಗೆ ಇದು ಕೆಲಸ ಮಾಡುತ್ತಿದೆ ಎಂಬ ನಂಬಿಕೆಯೇ ಬರಲಿಲ್ಲ.

“ಇದ ಆರ್ಸೋದು ಯಾವಾಗ?” ಎಂದು ಕೇಳಿದೆ.

“ಆರ್ಸೋದೇ ಇಲ್ಲ ಕಣವ್ವ,” ಎಂದಳು ಸವಿತ. “ಕಾಯ್ಸಕ್ಕೇ ಒಂದ್ ಅಗಲು ಬೇಕು. ಬೇಗ ಕಾಯ್ಸುದ್ರೆ ಬಿಲ್ಲೆ ಸೀಳ್ತದೆ, ಬೇಗ ತಣ್ಣಗ್ ಮಾಡುದ್ರೂ ಸೀಳ್ತದೆ.”

“ಅಂಗಾರೆ ಇದು ದೀಪ ಅಲ್ಲ. ಆಲ್ ಕೊಡೋ ಅಸ. ಅಬ್ಬ ಬಂತು ಅಂತ ಆಫ್ ಮಾಡಕ್ಕಾಗಕ್ಕಿಲ್ಲ.”

ಅವಳು ಅದನ್ನು ಮಾರವ್ವನಿಗೆ ಹೇಳಿದಳು. ಮಾರವ್ವ ನನ್ನ ಬೆನ್ನು ತಟ್ಟಿದಳು. ಅವಳ ಅಪ್ಪನೂ ಹಸು ಕಟ್ಟಿದ್ದವನಂತೆ.

ಸವಿತಳ ಕೆಲಸ ಯಂತ್ರದಲ್ಲಿ ಇಲ್ಲ, ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿದೆ. ಅದರಲ್ಲಿ ಅವಳು ಇನ್ನೊಂದು ಯಂತ್ರ ಸಾಕಿದ್ದಾಳೆ. ಕಬ್ಬಿಣವಿಲ್ಲ, ಬೆಂಕಿಯಿಲ್ಲ, ಬರೀ ಲೆಕ್ಕ. ಗ್ಯಾಸು ಎಷ್ಟು ಬಂದರೆ ಬಿಸಿ ಎಷ್ಟು ಏರುತ್ತದೆ, ಎಷ್ಟು ಹೊತ್ತಿಗೆ ಏರುತ್ತದೆ, ಕರೆಂಟು ಎಷ್ಟು ಎಳೆದರೆ ಬಿಲ್ಲೆಗೆ ಏನಾಗುತ್ತದೆ, ಎಲ್ಲವನ್ನೂ ಆ ಲೆಕ್ಕದ ಯಂತ್ರ ನಿಜದ ಯಂತ್ರದ ಹಾಗೇ ಮಾಡಿ ತೋರಿಸುತ್ತದೆ. ನಿಜದ್ದನ್ನು ಕೊಲ್ಲುವ ಮೊದಲು ಇದನ್ನು ಕೊಂದು ನೋಡಬಹುದು.

“ಕರ ಸತ್ತಾಗ ಅದ್ರ ಚರ್ಮಕ್ಕೆ ಹುಲ್ ತುಂಬಿ ಅಸಿನ್ ಮುಂದೆ ನಿಲ್ಲುಸ್ತೀವಲ್ಲ, ಅಂಗಾ?” ಎಂದೆ.

ಅವಳು ಪರದೆಯಿಂದ ನನ್ನ ಕಡೆ ತಿರುಗಿದಳು. “ಅಂಗೇ. ಆದ್ರೆ ಇಲ್ಲಿ ಅಸ ನಾವೇ ಕಣವ್ವ. ಪೂರ್ತಿ ನಂಬ್ಕಂಡು ಸೊರೆ ಬುಟ್ಟು ಆಲ್ ಇಳ್ಸುದ್ರೆ ಕೆಟ್ಟೋ.”

ಅಪಾಯ ಎಲ್ಲಿದೆ ಎಂದೂ ಹೇಳಿದಳು. ಹಾಲಿನ ತೊಟ್ಟಿಯ ಮೋಟಾರು ಒಮ್ಮೆಲೇ ಎದ್ದಾಗ ಒಮ್ಮೆಲೇ ಕರೆಂಟು ಎಳೆಯುತ್ತದೆ. ಕರೆಂಟು ಕೊಡುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ಆದರೆ ಗ್ಯಾಸು ಕೊಳವೆಯಲ್ಲಿ ನಡೆದು ಬರಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಆ ನಡುವೆ ಬಿಲ್ಲೆಗೆ ಹಸಿವು. ಹಸಿದ ಬಿಲ್ಲೆ ತನ್ನ ಮೈಯನ್ನೇ ತಿಂದುಕೊಂಡು ಸೀಳುತ್ತದೆ. ಅದಕ್ಕೆ ಒಂದು ಕಾವಲು ಪೆಟ್ಟಿಗೆ ಇಟ್ಟಿದ್ದಾರೆ. ಮೋಟಾರು ಕರೆಂಟು ಕೇಳಿದರೆ ಪೆಟ್ಟಿಗೆ “ತಡಿ” ಎನ್ನುತ್ತದೆ, ಗ್ಯಾಸು ಬರಿಸುತ್ತದೆ, ಬಂದ ಮೇಲೆ ಮೋಟಾರಿಗೆ ಬಿಡುತ್ತದೆ. ತಡೆಯಬೇಕಾದ್ದು ಒಂದು ಎಲೆ ಮಡಿಸಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು. ಅಷ್ಟೇ.

ಬಿಸಿ ಕೋಣೆ

ಭಾನುವಾರ ಮಾರವ್ವ ತನ್ನ ಕೆರೆಯ ದಡದ ಮನೆಗೆ ಕರೆದುಕೊಂಡು ಹೋದಳು. ಮರದ ಒಂದು ಸಣ್ಣ ಕೋಣೆ, ಒಳಗೆ ಒಲೆ, ಒಲೆಯ ಮೇಲೆ ಕಲ್ಲುಗಳ ಗುಡ್ಡೆ. ಹೊರಗೆ ಚಳಿ, ಒಳಗೆ ಬಿಸಿ, ಅದರಲ್ಲಿ ಹುಟ್ಟಿದ ಹಾಗೆ ಕೂತು ಬೆವರುವುದು ಅವರ ಸುಖ. ಮಾರವ್ವ ನಾಚಿಕೆ ಇಲ್ಲದೆ ಕೂತಳು. ನಾನು ಮುತ್ತತ್ತಿಯಲ್ಲಿ ಹೊಳೆಗೆ ಇಳಿಯುವಾಗಿನ ಹಾಗೆ ಲಂಗವನ್ನು ಎದೆಗೆ ಕಟ್ಟಿಕೊಂಡು ಕೂತೆ. ಸವಿತ ಟವಲಿನಲ್ಲಿ ಮುದುರಿ ಮೂಲೆ ಹಿಡಿದಳು.

ಮಾರವ್ವ ನನ್ನ ಕೈಗೆ ಮರದ ಸೌಟು ಕೊಟ್ಟು ಕಲ್ಲಿಗೆ ನೀರು ಹಾಕು ಎಂದು ಸನ್ನೆ ಮಾಡಿದಳು. ಒಂದು ಸೌಟು ಹಾಕಿದೆ. ಚುಂಯ್ ಎಂದಿತು, ಮತ್ತೇನೂ ಆಗಲಿಲ್ಲ. ಒಲೆ ಆರಿದೆಯೇನೋ ಎಂದು ಇನ್ನೊಂದು ಹಾಕಿದೆ. ಅದರ ಹಿಂದೆಯೇ ಮತ್ತೊಂದು. ಮಾರವ್ವ ಕೈ ಎತ್ತುವುದರೊಳಗೆ ಮೂರೂ ಸೌಟಿನ ಹಬೆ ಒಟ್ಟಿಗೆ ಮೇಲೆ ಹೋಗಿ, ಮಾಡಿಗೆ ಬಡಿದು, ನಮ್ಮ ಕಿವಿಯ ಮೇಲೆ ಇಳಿಯಿತು. ಕಿವಿ ಕಿತ್ತು ಹೋಯಿತು ಎಂದುಕೊಂಡೆ. ಮೂವರೂ ಬಾಗಿಲು ತಳ್ಳಿಕೊಂಡು ಹೊರಗೆ ಬಿದ್ದೆವು. ಮಾರವ್ವ ಬಿದ್ದವಳು ನೇರ ಕೆರೆಗೇ ಹೋದಳು.

ಸವಿತ ಮೆಟ್ಟಿಲ ಮೇಲೆ ಕೂತು ಉಸಿರು ಎಳೆದುಕೊಳ್ಳುತ್ತ ಹೇಳಿದಳು, “ಅವ್ವ, ನಾನು ಇಷ್ಟ್ ವರ್ಸ ಓದಿರದು ಇದೇ. ಮೊದುಲ್ನೇ ಸೌಟು ಏನ್ ಮಾಡ್ತದೆ ಅಂತ ಕಾದ್ ನೋಡ್ದೆ ಎರಡನೇದ ಹಾಕ್ಬಾರ್ದು.”

“ಇದ್ನ ಓದಕ್ಕೆ ಕಾಲೇಜ್ ಬೇಕಾ?”

“ನಿಂಗೆ ಗೊತ್ತಿದ್ರೆ ಯಾಕ್ ಹಾಕ್ದೆ?”

ಕಿವಿ ಉರಿಯುತ್ತಿತ್ತು. ಕಾಯುವ ಬುದ್ಧಿ ನನಗೇ ಇಲ್ಲವಲ್ಲ, ಊರಲ್ಲಿ ಯಾರಿಗಿದೆ ಎಂಬ ಯೋಚನೆ ಹತ್ತಿದ್ದು ಆಗಲೇ.

ಪ್ರಶ್ನೆ ಕೇಳುವ ದಿನ

ಉದ್ದದ ಮೇಜು, ಕಾಫಿ, ಆರೇಳು ಜನ. ಅಲ್ಲಿ ಕಾಫಿ ಎಂದರೆ ಹಾಲಿಲ್ಲದ ಕಹಿ ನೀರು, ಅದನ್ನು ದಿನಕ್ಕೆ ಲೆಕ್ಕವಿಲ್ಲದಷ್ಟು ಕುಡಿಯುತ್ತಾರೆ. ಸಗಣಿ ಎಷ್ಟು ಸಿಗುತ್ತದೆ, ನೀರು ಎಂಥದು, ಬೇಸಿಗೆಯ ಬಿಸಿಲು ಎಷ್ಟು ಎಂದೆಲ್ಲ ಕೇಳಿದರು, ಹೇಳಿದೆ. ಆಮೇಲೆ ಮಾರವ್ವ ಕಾವಲು ಪೆಟ್ಟಿಗೆಯ ಮಾತು ತೆಗೆದಳು. ಮೋಟಾರಿನ ಸ್ವಿಚ್ಚು ಒತ್ತಿದ ಮೇಲೆ ಅದು ತಕ್ಷಣ ಏಳುವುದಿಲ್ಲ, ಪೆಟ್ಟಿಗೆ ಸ್ವಲ್ಪ ತಡೆಯುತ್ತದೆ. ನಿಮ್ಮೂರಿನವರು ಆಗ ಏನು ಮಾಡುತ್ತಾರೆ?

ಸವಿತ ಅದನ್ನು ಕನ್ನಡದಲ್ಲಿ ಹೇಳಿ ನನ್ನ ಮುಖ ನೋಡಿದಳು. ಪುಟ್ಟಸ್ವಾಮಿಯ ಮಾತು ನೆನಪಿತ್ತು. ಅದಕ್ಕಿಂತ ನಮ್ಮೂರು ಚೆನ್ನಾಗಿ ನೆನಪಿತ್ತು.

“ಡೈರೆಕ್ಟ್ ಕೊಡ್ತರೆ,” ಎಂದೆ.

ಸವಿತ ಬಾಯಿ ತೆರೆಯುವ ಮೊದಲೇ ಮೇಜಿನ ಸುತ್ತ ಮುಖಗಳು ಅರಳಿದವು. ಅವರಿಗೆ “ಡೈರೆಕ್ಟ್” ಕೇಳಿಸಿತ್ತು. ಇಂಗ್ಲೀಷಿನ ಮಾತಲ್ಲವೇ ಅದು. ನೇರ ಜನ, ಹೇಳಿದ್ದನ್ನು ನೇರವಾಗಿ ಮಾಡುವವರು ಎಂದು ಅವರಿಗೆ ಅರ್ಥವಾಯಿತು. ಮಾರವ್ವ ತಲೆ ಆಡಿಸಿ “ಗುಡ್, ಗುಡ್” ಎಂದಳು. ಒಬ್ಬ ಬರೆದುಕೊಂಡ.

ನಮ್ಮ ಕಡೆ ಡೈರೆಕ್ಟ್ ಎಂದರೆ ಏನೆಂದು ಓದುವವರಿಗೆ ಹೇಳಬೇಕಾಗಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರು ಏಳುವುದಿಲ್ಲವಾ, ಒಂದು ವೈರು ತಗೊಂಡು ಈ ತುದಿ ಆ ತುದಿಗೆ ಸಿಕ್ಕಿಸು, ಡೈರೆಕ್ಟ್. ಫ್ಯೂಸು ಹೋಯಿತಾ, ಬೆರಳು ಗಾತ್ರದ ತಂತಿ ಸುತ್ತು, ಡೈರೆಕ್ಟ್. ಕಾಯಲು ಇಟ್ಟದ್ದೆಲ್ಲ ಕೆಟ್ಟದ್ದು, ಅದನ್ನು ದಾಟಿಸಿ ಕರೆಂಟು ಹಾಯಿಸುವವನು ಜಾಣ. ಟ್ರಾನ್ಸ್‌ಫಾರ್ಮರು ಸುಟ್ಟರೆ ಅದು ಸರ್ಕಾರದ ಪಾಡು.

“ಇವ್ರು ತಪ್ ತಿಳ್ಕಂಡ್ರು,” ಎಂದೆ ಸವಿತಳಿಗೆ.

ಅವಳ ಮುಖ ಬಿಳಿಚಿತ್ತು. ಮೆಲ್ಲಗೆ ಹೇಳಿದಳು, “ಗೊತ್ತು. ಬುಡವ್ವ.”

“ಏನ್ ಬುಡದು?”

“ಅವ್ರು ಒಪ್ಕಂಡಂಗದೆ. ಇವಾಗ ಬುಡ್ಸಿ ಏಳುದ್ರೆ ಮಿಶಿನ್ನು ಆ ಕಡೆ ಊರ್ಗೆ ಒಂಟೋಯ್ತದೆ. ಊರ್ಗ್ ಓದ್ಮೇಲೆ ನಾನೇ ನಿಂತ್ಕಂಡು ಎಲ್ರುಗೂ ಏಳ್ಕೊಡ್ತೀನಿ.”

“ನೀನು ಮಂಡ್ಯದಲ್ಲಿ ಪಾಟ ಮಾಡ್ತಿರ್ತೀಯೆ. ಸಾಯಂಕಾಲ ಆಲು ತುಂಬ್ದಾಗ ಯಾರವ್ವ ಬತ್ತರೆ?”

“ಅವ್ವ, ನನ್ ವರ್ಸಗಳೆಲ್ಲ ಇದ್ರಾಗವೆ.”

ಅದು ನಿಜ. ನನ್ನದು ಚರಂಡಿಗೆ ಹೋಗುವ ಹಾಲು, ಅವಳದು ಅಷ್ಟೂ ವರ್ಷ. ಮೇಜಿನವರು ನಾವಿಬ್ಬರೂ ಏನು ಪಿಸುಗುಟ್ಟುತ್ತೇವೆ ಎಂದು ನೋಡುತ್ತಿದ್ದರು. ಸುಮ್ಮನಿದ್ದರೆ ಯಂತ್ರ ನಮ್ಮದು. ಬರುತ್ತದೆ, ಪೂಜೆ ಆಗುತ್ತದೆ, ಮೊದಲನೇ ವಾರವೇ ಯಾವನೋ ಡೈರೆಕ್ಟ್ ಕೊಡುತ್ತಾನೆ, ಬಿಲ್ಲೆ ಸೀಳುತ್ತದೆ. ಆಮೇಲೆ ಅವರು ಯಾವ ಹಳ್ಳಿಗೂ ಯಂತ್ರ ಕೊಡುವುದಿಲ್ಲ, ಸವಿತಳ ಲೆಕ್ಕವನ್ನು ಯಾರೂ ನಂಬುವುದಿಲ್ಲ.

“ಒಡ್ದೋದ್ಮೇಲೆ ಏಳೋದ್ಕಿಂತ ಒಡಿಯೋಕ್ ಮುಂಚೆ ಏಳದು ವಾಸಿ,” ಎಂದು ಎದ್ದೆ.

ಗೋಡೆಯ ಹತ್ತಿರ ಕಾವಲು ಪೆಟ್ಟಿಗೆಯ ಒಂದು ನಮೂನೆ ಇತ್ತು, ಕರೆಂಟು ಇಲ್ಲದ್ದು, ಬಂದವರಿಗೆ ತೋರಿಸಲು ಇಟ್ಟದ್ದು. ಪೆಕ್ಕನ ಮುಂದೆ ಕೈ ಚಾಚಿ ವೈರು ಕೊಡು ಎಂದು ಸನ್ನೆ ಮಾಡಿದೆ. ಅವನು ಜೇಬಿನಿಂದ ಒಂದು ತುಂಡು ಕೊಟ್ಟ. ತುದಿಯ ರಬ್ಬರನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ, ಉಳಿದಿರುವ ಹಲ್ಲಿಗೆ ಅಷ್ಟು ಶಕ್ತಿ ಇದೆ. ಕರೆಂಟು ಬರುವ ತುದಿಯಿಂದ ಮೋಟಾರಿಗೆ ಹೋಗುವ ತುದಿಗೆ, ಪೆಟ್ಟಿಗೆಯ ತಲೆಯ ಮೇಲಿಂದ, ವೈರು ಸಿಕ್ಕಿಸಿದೆ. ತಿರುಗಿ ನಿಂತು ಹೇಳಿದೆ.

“ಇದು ಡೈರೆಕ್ಟ್.”

ಈ ಸಲ ಯಾರೂ ಗುಡ್ ಎನ್ನಲಿಲ್ಲ. ಬರೆದುಕೊಂಡವನು ಪೆನ್ನು ಕೆಳಗಿಟ್ಟ.

ಮಾತಾಡಿದವನು ಪೆಕ್ಕ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ಮಾರವ್ವನೂ ನೋಡಿರಲಿಲ್ಲವೋ ಏನೋ. ಅವನ ಮಾವ ಕಾಡಿನ ಮನೆಯಲ್ಲಿ ಫ್ಯೂಸಿನ ಜಾಗಕ್ಕೆ ಮೊಳೆ ಇಡುತ್ತಿದ್ದನಂತೆ. ಮನೆ ಸುಟ್ಟು ಹೋದ ಮೇಲೂ ಹೊಸ ಮನೆಯಲ್ಲಿ ಮೊಳೆಯನ್ನೇ ಇಟ್ಟನಂತೆ. ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಅಲ್ಲಿಯೂ ನಮ್ಮ ಜಾತಿಯವರು ಇದ್ದಾರೆ ಎಂದು ನನಗೆ ಧೈರ್ಯ ಬಂತು.

ಮಾರವ್ವ ಮಾತ್ರ ನಗಲಿಲ್ಲ. ಆ ವೈರನ್ನೇ ನೋಡುತ್ತ ಸವಿತಳಿಗೆ ಏನೋ ಹೇಳಿದಳು.

“ಏನಂತೆ?”

“ನನ್ ಲೆಕ್ಕದಾಗೆ ಈ ವೈರು ಅದಾ ಅಂತ ಕೇಳ್ತವ್ರೆ.”

“ಅದಾ?”

“ಇಲ್ಲ,” ಎಂದಳು ಸವಿತ. “ನಾನೂ ಮಳವಳ್ಳಿಲೇ ಉಟ್ಟಿ ಬೆಳ್ದೋಳು. ನಮ್ಮಪ್ಪನೇ ಡೈರೆಕ್ಟ್ ಕೊಡ್ತಿದ್ದ. ಲೆಕ್ಕ ಬರಿವಾಗ ಅದು ಒಳೀನೇ ಇಲ್ಲ.”

ಲೆಕ್ಕದ ಯಂತ್ರ ಸಾಯುತ್ತದೆ

ಮರುದಿನ ಸವಿತ ಕಂಪ್ಯೂಟರಿನೊಳಗೆ ಆ ವೈರು ಹಾಕಿದಳು. ಮೋಟಾರು ಎದ್ದಿತು. ಗ್ಯಾಸಿನ ಗೆರೆ ನಿಧಾನವಾಗಿ ಏರತೊಡಗಿತು, ಬಿಲ್ಲೆಯ ಗೆರೆ ಬಾವಿಗೆ ಕಲ್ಲು ಬಿದ್ದ ಹಾಗೆ ಕೆಳಗೆ ಹೋಯಿತು. ಪರದೆ ಕೆಂಪಾಯಿತು. ಸತ್ತಿತು. ಅವಳು ಬದುಕಿಸಿದಳು, ಇನ್ನೊಂದು ರೀತಿ ಮಾಡಿದಳು, ಮತ್ತೆ ಸತ್ತಿತು. ನಾನು ಪಕ್ಕದಲ್ಲಿ ಕೂತು ಅಡಕೆ ಜಗಿಯುತ್ತಿದ್ದೆ. ಒಂದೇ ಸಮನೆ ಕೊಲ್ಲುವುದನ್ನು ನೋಡಿ ಬೇಸರವಾಯಿತು.

“ಜನ ಕಾಯಕ್ಕಿಲ್ಲ ಅಂದ್ಮೇಲೆ ಅವ್ರುನ್ನ ಯಾಕೆ ಕಾಯ್ಸೀಯೆ? ಅವ್ರು ಕೇಳುದ್ ತಕ್ಷಣ ಕೊಟ್ಬುಡು.”

“ಬಿಲ್ಲೆ ಸಾಯ್ತದಲ್ಲವ್ವ.”

“ಬಿಲ್ಲೆ ಕೊಡ್ಬ್ಯಾಡ. ಬ್ಯಾರೆ ಎಲ್ಲಿಂದಾದ್ರೂ ಕೊಡು. ಮನೇಲಿ ಹಸ ಕರೆಯೋಕ್ ಮುಂಚೆ ನೆಂಟ್ರು ಬಂದ್ರೆ ಪಕ್ಕದ್ಮನೆ ಆಲ್ ತಂದು ಕಾಪಿ ಕೊಡಕಿಲ್ವಾ?”

ಅವಳಿಗೆ ಇದು ಹೊಸದೇನೂ ಅಲ್ಲ. ಬ್ಯಾಟರಿ ಇಡುವ ಲೆಕ್ಕ ಅವಳು ಮೊದಲೇ ಮಾಡಿದ್ದಳು, ಜನ ಕಾಯುತ್ತಾರೆಂದು ನಂಬಿ ಅದನ್ನು ಚಿಕ್ಕದು ಮಾಡಿದ್ದಳು ಅಷ್ಟೇ. ಈಗ ಮಾರವ್ವ, ಪೆಕ್ಕ, ಅವಳು, ಮೂವರೂ ಸೇರಿ ಎಲ್ಲ ತಿರುಗಿಸಿದರು. ತಡೆಯುವ ಕೆಲಸವನ್ನು ಗೋಡೆಯ ಮೇಲಿನ ಪೆಟ್ಟಿಗೆಯಿಂದ ತೆಗೆದು, ಬಿಲ್ಲೆ ಇರುವ ಬೀರುವಿನ ಒಳಗೇ ಇಟ್ಟರು, ಯಾರ ವೈರೂ ಹೋಗದ ಜಾಗದಲ್ಲಿ. ಬಂದ ಗ್ಯಾಸು ಎಷ್ಟೋ ಅಷ್ಟೇ ಕರೆಂಟನ್ನು ಬಿಲ್ಲೆ ಹೊರಗೆ ಬಿಡುತ್ತದೆ, ಉಳಿದದ್ದನ್ನು ಬ್ಯಾಟರಿ ತುಂಬುತ್ತದೆ. ಮೋಟಾರಿಗೆ ಕಾಯಿಸಿದ್ದೇ ಗೊತ್ತಾಗುವುದಿಲ್ಲ. ಹೊರಗೆ ಯಾವನು ಏನು ದಾಟಿಸಿದರೂ ಒಳಗಿನ ಬಿಲ್ಲೆಗೆ ಅದರ ಸುದ್ದಿ ಮೆಲ್ಲಗೆ ಮುಟ್ಟುತ್ತದೆ.

ಪರದೆಯಲ್ಲಿ ಬಿಲ್ಲೆಯ ಗೆರೆ ಒಂದು ಸಲ ಬಾಗಿ, ತಡೆದು, ಮೇಲೆ ಬಂತು. ಸವಿತ ಅಳಲಿಲ್ಲ, ಕುಣಿಯಲಿಲ್ಲ. ಎದ್ದು ಹೋಗಿ ತಣ್ಣಗಿನ ಕಾಫಿ ಕುಡಿದು ಬಂದಳು.

“ಇದು ಹುಲ್ ತುಂಬಿರೋ ಕರ,” ಎಂದೆ. “ನಿಜುದ್ದು?”

“ಅದ್ಕೇ ಎದ್ರುಕೆ,” ಎಂದಳು.

ಹೊರಡುವ ಮುಂಚಿನ ದಿನ

ಲೆಕ್ಕದಲ್ಲಿ ಮಾಡಿದ ಬದಲಾವಣೆಯನ್ನೆಲ್ಲ ನಿಜದ ಯಂತ್ರಕ್ಕೂ ಮಾಡಿ, ಅದರ ಮುಂದೆ ಎಲ್ಲರೂ ನಿಂತರು. ಹಾಲಿನ ತೊಟ್ಟಿಯದೇ ಗಾತ್ರದ ಮೋಟಾರು ತಂದಿಟ್ಟಿದ್ದರು. ಬಿಲ್ಲೆ ಸೀಳಿದರೆ ಹೊಸದು ಮಾಡಲು ತಿಂಗಳುಗಳು ಬೇಕು, ಅಷ್ಟರಲ್ಲಿ ಯಂತ್ರ ಯಾವ ಊರಿಗೂ ಇಲ್ಲ. ಪೆಕ್ಕ ದಪ್ಪ ವೈರು ಎಳೆದು, ಅದಕ್ಕೆ ಒಂದು ಸ್ವಿಚ್ಚು ಕೂಡಿಸಿದ್ದ, ಯಾರ ಕೈಯೂ ಸುಡದ ಹಾಗೆ. ಒತ್ತಿದರೆ ಡೈರೆಕ್ಟ್. ಮಾರವ್ವ ನನ್ನನ್ನು ಮುಂದಕ್ಕೆ ಕರೆದಳು.

“ನೀನೇ ಒತ್ಬೇಕಂತೆ,” ಎಂದಳು ಸವಿತ. “ನಿಮ್ಮೂರೋರು ಒತ್ತಂಗೆ ಒತ್ತು ಅಂತವ್ರೆ.”

ನಮ್ಮೂರಿನವರು ಒಂದು ಸಲ ಒತ್ತುವುದಿಲ್ಲ. ಒತ್ತಿದೆ, ಬಿಟ್ಟೆ, ಮೋಟಾರು ಏಳುವ ಮುಂಚೆಯೇ ಮತ್ತೆ ಒತ್ತಿದೆ, ಮತ್ತೆ ಬಿಟ್ಟು ಮತ್ತೆ ಒತ್ತಿದೆ. ಮಾರವ್ವ ಮೇಜಿನ ಅಂಚು ಹಿಡಿದುಕೊಂಡಳು. ಮೋಟಾರು ಗುರ್ ಎಂದು ಎದ್ದಿತು. ನಾನು ಕಿಂಡಿಯಲ್ಲಿ ನೋಡಿದೆ. ಕೆಂಪು ಹಾಗೇ ಇತ್ತು. ಸವಿತ ಪರದೆ ನೋಡುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದಳೋ ಬುದ್ಧನನ್ನು ಕರೆಯುತ್ತಿದ್ದಳೋ. ಗೆರೆ ಬಾಗಿತು. ಬಾಗಿದ್ದು ಅಲ್ಲೇ ನಿಂತಿತು. ಆಮೇಲೆ ಮೇಲೆ ಬಂತು. ಮೋಟಾರು ತಿರುಗುತ್ತಲೇ ಇತ್ತು.

ಪೆಕ್ಕ ಜೇಬಿನಿಂದ ಇಕ್ಕಳ ತೆಗೆದು ಒಂದು ಅಡಕೆ ಒಡೆದ. ಈ ಸಲ ಅರ್ಧ ನನಗೆ ಕೊಟ್ಟು, ಅರ್ಧ ತಾನೇ ಬಾಯಿಗೆ ಹಾಕಿಕೊಂಡ. ಮುಖ ಹುಳ್ಳಗೆ ಮಾಡಿದ, ಉಗಿಯಲಿಲ್ಲ.

ಅವತ್ತು ಮಾರವ್ವ ಯಾವ ಊರಿಗೆ ಎಂದು ಹೇಳಲಿಲ್ಲ. ಪ್ರಯೋಗಶಾಲೆಯವರೆಲ್ಲ ಸೇರಿ ಮಾತಾಡಬೇಕಂತೆ. ಬೀಳ್ಕೊಡುವಾಗ ಮಾತ್ರ, ಬಸ್‌ಸ್ಟಾಪಿನಲ್ಲಿ, ನನ್ನ ಪಕ್ಕದಲ್ಲೇ, ತೋಳಿಗೆ ತೋಳು ತಾಗುವ ಹಾಗೆ ನಿಂತಿದ್ದಳು.

ಮನೆ

ಪುಟ್ಟಸ್ವಾಮಿಗೆ ನಡೆದದ್ದು ಗೊತ್ತಾಯಿತು, ನಾನೇ ಹೇಳಿದೆ. “ಊರ್ ಮರ್ವಾದೆ ತೆಗ್ದಲ್ಲ ತಾಯವ್ವ,” ಎಂದು ನಾಲ್ಕು ದಿನ ಮಾತು ಬಿಟ್ಟ. ಐದನೆಯ ದಿನ ಸವಿತ ಮಂಡ್ಯದಿಂದ ಬಸ್ಸು ಹತ್ತಿ ತಾನೇ ಬಂದಳು, ಫೋನಿನಲ್ಲಿ ಹೇಳುವ ಮಾತಲ್ಲ ಎಂದು. ಡೈರೆಕ್ಟ್ ಕೊಡುವವರ ಊರಲ್ಲಿ ಉಳಿದ ಯಂತ್ರ ಎಲ್ಲಿ ಬೇಕಾದರೂ ಉಳಿಯುತ್ತದೆ, ಮೊದಲು ಅಲ್ಲಿಗೇ ಹೋಗಲಿ ಎಂದರಂತೆ ಅವರು. ಪುಟ್ಟಸ್ವಾಮಿ ಈಗ ಅದನ್ನು ತಾನೇ ಹೇಳಿಕೊಟ್ಟ ಹಾಗೆ ಮದ್ದೂರಿನ ತನಕ ಸಾರಿಕೊಂಡು ಬಂದಿದ್ದಾನೆ.

ಡೈರಿಯ ಪಕ್ಕದಲ್ಲಿ ಯಂತ್ರಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿದ್ದೇವೆ. ಗ್ಯಾಸಿನ ಗುಂಡಿ ತೋಡುತ್ತಿದ್ದಾರೆ. ನಿನ್ನೆ ಪಂಪ್‌ಸೆಟ್ಟು ರಿಪೇರಿ ಮಾಡುವ ಮರಿಗೌಡ ಬಂದ. ನಮ್ಮ ಸುತ್ತಿನಲ್ಲಿ ಡೈರೆಕ್ಟ್ ಕೊಡುವುದರಲ್ಲಿ ಅವನನ್ನು ಮೀರಿಸಿದವನಿಲ್ಲ. ಕಟ್ಟೆಯನ್ನು ಒಂದು ಸುತ್ತು ಹಾಕಿ, ಬೀಡಿ ಹಚ್ಚಿ, ಕೇಳಿದ.

“ಇದ್ಕೆ ಡೈರೆಕ್ಟ್ ಕೊಡಕ್ಕಾಯ್ತದಾ ತಾಯವ್ವ?”

“ಕೊಡು. ನಾನೂ ಕೊಟ್ಟಿವ್ನಿ.”

“ಏನಾಯ್ತು?”

“ಏನೂ ಆಗ್ನಿಲ್ಲ.”

ಅವನು ಸ್ವಲ್ಪ ಹೊತ್ತು ಬೀಡಿ ಎಳೆದ. “ಅಂಗಾದ್ರೆ ಇದ್ರಾಗೆ ನಂಗೇನು ಕೆಲ್ಸ?”

“ನಿಮ್ ಕೊಟ್ಗೆ ಸಗಣಿ ತಂದು ಗುಂಡಿಗಾಕು. ಅದುಕ್ಕೆ ಡೈರೆಕ್ಟ್ ಇಲ್ಲ ಕಣ್ಲಾ.”